ಗಂಟಿ ಪೈಲ್ವಾನನ ಪಾಲು

ನಾನು ಸಾಲಿ ಬಿಟ್ಟಿದ್ದು ಎರಡು ಸಾವಿರದ ಏಳನೇ ಇಸವಿಯಲ್ಲಿ. ಎಂಟನೇತ್ತೆ ಪಾಸಾಗಿತ್ತು, ಒಂಬತ್ತನೇತ್ತೆಯ ಪುಸ್ತಕ ಮನೆಗೆ ಬರಲಿಲ್ಲ. ಬಿಡು ಎಂದು ಯಾರೂ ಹೇಳಲಿಲ್ಲ, ಹೋಗು ಎಂದು ಯಾರೂ ಹೊಡೆಯಲೂ ಇಲ್ಲ. ಮನೆಯಲ್ಲಿ ದುಡಿಯುವ ಇಬ್ಬರಲ್ಲಿ ಒಬ್ಬರು ಇಲ್ಲವಾದರು, ಆ ಜಾಗದಲ್ಲಿ ನಾನು ನಿಂತೆ. ಈಗಲೂ ಯಾರಾದರೂ ‘ಎಷ್ಟು ಓದಿದ್ದೀರಿ?’ ಎಂದರೆ ತಲೆ ಕೆಳಗೆ ಹಾಕುವ ಪೈಕಿ ನಾನಲ್ಲ. ಕಣ್ಣಲ್ಲಿ ಕಣ್ಣಿಟ್ಟು ‘ಎಂಟು’ ಎನ್ನುತ್ತೇನೆ.

ಆಗ ಖಾನಾಪುರದಲ್ಲಿ ಮೊಬೈಲೆಂದರೆ ಅಪ್ಪಂದಿರ ಅಂಗಿಯ ಕಿಸೆಯಲ್ಲಿರುವ, ಮಕ್ಕಳು ಮುಟ್ಟಬಾರದ ವಸ್ತು. ಆಡಬೇಕೆಂದರೆ ಮಲಪ್ರಭೆಯ ದಂಡೆ, ಗೋಲಿ, ಚಿಣಿಪಣಿ. ಮಳೆ ಹಿಡಿದರೆ ಅದೂ ಇಲ್ಲ. ಆ ದಿನಗಳಲ್ಲಿ ನಮಗೊಂದು ಸ್ವರ್ಗವಿದ್ದರೆ ಅದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಗೇಮಿನ ದುಕಾನು. ಮಿಲಿಟರಿಯಿಂದ ಪೆನ್ಶನ್ ಪಡೆದು ಬಂದ ಒಬ್ಬರು ಅದನ್ನು ಇಟ್ಟಿದ್ದರು. ಊರೆಲ್ಲ ಅವರಿಗೆ ಫೌಜಿ ಮಾಮಾ ಎನ್ನುತ್ತಿತ್ತು. ಗೋವಾದಿಂದ ಹಳೆಯ ಗೇಮಿನ ಡಬ್ಬಿ ಎರಡು ತಂದು, ಹಳೆಯ ಟೀವಿ ಎರಡಕ್ಕೆ ಹಚ್ಚಿದ್ದರು. ಬಾಗಿಲಲ್ಲಿ ಒದ್ದೆ ಗೋಣಿಚೀಲದ ವಾಸನೆ, ಒಳಗೆ ಕಾದ ಟೀವಿಯ ಧೂಳಿನ ವಾಸನೆ, ಬಾಜೂಕಿನ ಗಾಡಿಯಿಂದ ವಡಾಪಾವಿನ ಎಣ್ಣೆಯ ಘಾಟು. ಇವತ್ತಿಗೂ ಎಲ್ಲಾದರೂ ಒದ್ದೆ ಗೋಣಿಯೂ ಕರಿದ ಮೆಣಸಿನಕಾಯಿಯೂ ಒಟ್ಟಿಗೆ ಮೂಗಿಗೆ ಬಡಿದರೆ ನನ್ನ ಹೆಬ್ಬೆರಳು ತಾನಾಗಿ ಗುಂಡಿ ಒತ್ತತೊಡಗುತ್ತದೆ.

ನನ್ನನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋದವನು ಶಿವು ಕಾಕಾ, ಅಪ್ಪನ ತಮ್ಮ. ಲಾರಿ ಡ್ರೈವರು, ಇನ್ನೂ ಮದುವೆಯಾಗಿರಲಿಲ್ಲ. ಲೋಡು ಇಳಿಸಿ ಬಂದ ದಿನ ನನ್ನ ಹೆಗಲ ಮೇಲೆ ಕೈಹಾಕಿ ಎಳೆದೊಯ್ದು, ‘ಆಡಲೇ ಮಲ್ಯಾ, ನಾ ಚಾ ಕುಡಕೋತ ನೋಡ್ತೀನಿ’ ಎಂದು ಗೋಡೆಗೆ ಒರಗಿ ಕೂರುತ್ತಿದ್ದ. ಆಡುವುದು ನಾನು, ‘ಹೊಡಿ! ಬಗ್ಗು!’ ಎಂದು ಕಿರುಚುವುದು ಅವನು.

ಆ ವರ್ಷ ಜೂನಿನಲ್ಲಿ, ಮಿರಗದ ಮಳೆ ಕೂಡಿದ ದಿನಗಳಲ್ಲಿ, ದೂರದ ಹೈವೇ ಮೇಲೆ, ಅವನ ಲಾರಿ ಮಗುಚಿತು. ಆಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎದೆನೋವಾಗಿ ಬೆಳಗಾವಿಯ ದವಾಖಾನೆಯಲ್ಲಿದ್ದಳು. ಡಾಕ್ಟರು ಧಕ್ಕೆ ತಾಗುವ ಮಾತು ಅವಳಿಗೆ ತಿಳಿಸಬೇಡಿ ಎಂದಿದ್ದರು. ಹಾಗಾಗಿ ಕಾಕಾನನ್ನು ನಮ್ಮೂರು ನಂದಗಡದ ಹೊಲದಲ್ಲಿ ಆಯಿ ಇಲ್ಲದೆಯೇ ಮಣ್ಣು ಮಾಡಿದೆವು. ಹಿರಿಯರು ಕೂತು, ‘ಮುದುಕಿ ಗಟ್ಟಿ ಆಗಲಿ, ಆಮ್ಯಾಲ ಹೇಳೂಣು’ ಎಂದರು. ದವಾಖಾನೆಯಿಂದ ಅವಳನ್ನು ಸೀದಾ ಖಾನಾಪುರದ ನಮ್ಮ ಬಾಡಿಗೆ ಮನೆಗೆ ತಂದೆವು. ನಂದಗಡಕ್ಕೆ ಹೋದರೆ ಯಾರಾದರೂ ಬಾಯಿಬಿಟ್ಟಾರು ಎಂಬ ಹೆದರಿಕೆ. ಶಿವು ಎಲ್ಲಿ ಎಂದು ಕೇಳಿದಳು. ಅಪ್ಪ ಗೋಡೆ ನೋಡುತ್ತ ಹೇಳಿದ: ‘ಆಸಾಮಕ ಹೋಗ್ಯಾನವ್ವ. ದೊಡ್ಡ ಕಂಪನಿ ಲಾರಿ. ವರ್ಷದ ಕರಾರು.’

‘ಒಂದ ಫೋನರ ಮಾಡಬಾರದೇನು?’

‘ಅಲ್ಲಿ ಬರೇ ಗುಡ್ಡ. ರೇಂಜ್ ಇಲ್ಲ.’

ಆಸಾಮಿನಲ್ಲಿ ಥಂಡಿ ಬಹಳ ಎಂದು ಯಾರೋ ಅಂದದ್ದೇ ತಡ, ಆಯಿ ಹಳೆಯ ಸೀರೆಗಳನ್ನು ಹುಡುಕಿ ತೆಗೆದು ಮಗನಿಗಾಗಿ ಕೌದಿ ಹೊಲಿಯಲು ಕೂತಳು. ಶೇಂಗಾ ಚಟ್ನಿ ಕುಟ್ಟಿದರೆ ಮೊದಲ ಡಬ್ಬಿ ಶಿವೂಂದು, ಗುರೆಳ್ಳು ಕುಟ್ಟಿದರೂ ಶಿವೂಂದು. ಡಬ್ಬಿಗಳು ಗೋಡೆಯ ಗೂಡಿನಂಥ ಮಾಡಿನಲ್ಲಿ ಸಾಲಾಗಿ ಕೂತವು. ಅವ್ವ ಅವನ್ನು ಒರೆಸಿ ಇಡುವಾಗ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ‘ಇವತ್ತರ ಸುದ್ದಿ ಬಂತೇನೋ?’ ಎಂದು ಆಯಿ ದಿನಾ ಸಂಜೆ ನನ್ನನ್ನು ಕೇಳುವಳು. ‘ಇಲ್ಲ ಆಯಿ, ನಾಳಿಗಿ ಬರ್ತೈತಿ’ ಎಂದು ನಾನು ದಿನಾ ಹೇಳುತ್ತಿದ್ದೆ. ಹದಿನಾಲ್ಕನೇ ವಯಸ್ಸಿಗೆ ನನಗೆ ಸುಳ್ಳು ರೂಢಿಯಾಗಿತ್ತು.

ಬೆಳಿಗ್ಗೆ ಗಾಡಿ ಹತ್ತಿ ಬೆಳಗಾವಿಗೆ ಹೋಗುವೆ. ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿಯಲ್ಲಿ ಪೆಂಟೆ ಎತ್ತಿಡುವ ಕೆಲಸ. ಸಂಜೆ ಇಳಿದಾಗ ಮೈಯೆಲ್ಲ ಬೆಲ್ಲದ ಅಂಟು. ಗೇಮಿನ ಗುಂಡಿಗಳೂ ಅಂಟಾಗಿ, ಫೌಜಿ ಮಾಮಾ ‘ಹಾತ ಧುವೂನ ಯೇ, ಕೈ ತೊಳಿಯೋ ಇರವೀ’ ಎಂದು ಬೈಯುತ್ತಿದ್ದರು. ನನ್ನ ಜೋಡಿ ಆಡುವವನು ದತ್ತು, ಮರಾಠಿ ಮನೆಯ ಹುಡುಗ, ಇನ್ನೂ ಸಾಲಿಗೆ ಹೋಗುತ್ತಿದ್ದ. ನಾವಿಬ್ಬರೂ ಹಿಡಿದ ಗೇಮು ಉಳಿದವುಗಳಂತೆ ಬರೀ ಕಾರು ಓಡಿಸುವುದು, ಗುಂಡು ಹಾರಿಸುವುದಲ್ಲ. ಅದರಲ್ಲಿ ಕಥೆ ಇತ್ತು. ನಾಲ್ಕು ಜನ ಒಂದು ಊರು ಉಳಿಸಲು ಕಾಡು, ಹೊಳೆ, ಕೋಟೆ ದಾಟಿ ಹೋಗಬೇಕು. ಮಾತೆಲ್ಲ ಕೆಳಗೆ ಇಂಗ್ಲಿಷಿನಲ್ಲಿ ಬರೆದು ಬರುವುದು. ನಮಗೆ ಅದು ಓದಿ ಅರ್ಥವಾಗುತ್ತಿರಲಿಲ್ಲ. ಮಾಮಾ ಚಸ್ಮಾ ಏರಿಸಿ ಓದಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳುತ್ತಿದ್ದರು. ಅವರು ಹೇಳಿದ್ದೇ ಕಥೆ.

ಆ ನಾಲ್ವರಲ್ಲಿ ಒಬ್ಬ ದಾಡಿಯವ, ಆನೆಯಂಥ ಆಳು, ಸೊಂಟಕ್ಕೆ ಒಂದು ಗಂಟೆ ಕಟ್ಟಿಕೊಂಡವ. ನಡೆದರೆ ಠಣ್ ಠಣ್ ಎನ್ನುವುದು. ನಾವು ಅವನಿಗೆ ಗಂಟಿ ಪೈಲ್ವಾನ ಎಂದು ಹೆಸರಿಟ್ಟಿದ್ದೆವು. ಜೊತೆಯಲ್ಲಿದ್ದ ಸಣ್ಣ ಹುಡುಗಿಯನ್ನು ಹೊಳೆ ಬಂದಾಗೆಲ್ಲ ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದ. ರಾತ್ರಿ ಬಿಡಾರ ಹೂಡಿದಾಗ ಅಡುಗೆ ಅವನದೇ. ನಾವು ಪೆಟ್ಟು ತಿಂದು ಬಿದ್ದರೆ ಓಡಿಬಂದು ಎತ್ತಿ ನಿಲ್ಲಿಸುವವನೂ ಅವನೇ. ‘ನಿನ್ನ ಕಾಕಾನಂಗ ಅದಾನ ನೋಡು, ಹೊಟ್ಟಿ ಸುದ್ದಾ’ ಎಂದು ದತ್ತು ನಗುತ್ತಿದ್ದ. ನಾನೂ ನಗುತ್ತಿದ್ದೆ.

ಒಂದು ಸಂಜೆ ಆ ನಾಲ್ವರೂ ಹಗ್ಗದ ಪೂಲಿನ, ಅಂದರೆ ತೂಗುಸೇತುವೆಯ, ಹತ್ತಿರ ಬಂದರು. ಹಿಂದೆ ವೈರಿಗಳು. ಪೂಲಿನ ಹಗ್ಗ ಹರಿಯುತ್ತಿದೆ. ಗಂಟಿ ಪೈಲ್ವಾನ ಹರಿದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಉಳಿದ ಮೂವರೂ ಓಡಿದರು. ಅವನ ತುಟಿ ಅಲುಗಿತು, ಕೆಳಗೆ ಇಂಗ್ಲಿಷ್ ಬಂತು. ಆಮೇಲೆ ಪೂಲು, ಪೈಲ್ವಾನ ಎಲ್ಲ ಕೆಳಗಿನ ಮಂಜಿನಲ್ಲಿ ಹೋದವು. ಟೀವಿ ಕಪ್ಪಾಯಿತು.

ನಾನು ಮಾಮಾನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಚಸ್ಮಾ ತೆಗೆದು ಬನಿಯನ್ನಿಗೆ ಒರೆಸಿಕೊಂಡರು.

‘ಕಾಯ್ ನಾಹೀ ರೇ, ಏನೂ ಆಗಿಲ್ಲ,’ ಎಂದರು. ‘ಕೆಳಗ ಹೊಳಿ ಐತಿ. ಈಜಿ ಆಚಿ ದಂಡಿಗಿ ಹೋಗ್ಯಾನ. ಮುಂದ ಸಿಗ್ತಾನಂತ.’

ನಾನು ನಂಬಿದೆ. ಮನೆಯಲ್ಲಿ ಅಂಥದೇ ಸುಳ್ಳನ್ನು ದಿನಾ ನಾನೇ ಹೇಳುತ್ತಿದ್ದವನು, ಇಲ್ಲಿ ಕೇಳಿದೊಡನೆ ನಂಬಿದೆ.

ಮುಂದಿನದೆಲ್ಲ ನನ್ನ ಹಠ. ಪೈಲ್ವಾನನ ಬದಲು ಬಿಲ್ಲು ಹಿಡಿದ ಒಬ್ಬ ಹೆಣ್ಣಾಳು ಬಂದು ಸೇರಿದಳು. ನಾನು ಅವಳನ್ನು ತಗೊಳ್ಳಲಿಲ್ಲ. ನಾಲ್ಕನೇ ಜಾಗ ಖಾಲಿ ಬಿಟ್ಟೆ. ದಾರಿಯಲ್ಲಿ ಒಳ್ಳೆಯ ಕೊಡಲಿ ಸಿಕ್ಕರೆ ಪೈಲ್ವಾನನ ಪಾಲು, ಮೈಗೆ ತೊಡುವ ಗಟ್ಟಿ ಉಕ್ಕಿನ ಚಿಲಕತ್ತು ಸಿಕ್ಕರೆ ಅವನ ಪಾಲು. ಇನ್ನೊಂದು ಮಾತು: ಪೂಲು ದಾಟಿದ ಮೇಲೂ ನಡೆಯುವಾಗ ಠಣ್ ಠಣ್ ಸಪ್ಪಳ ಕೇಳುತ್ತಲೇ ಇತ್ತು. ‘ಕೇಳಲೇ, ಹಂತ್ಯಾಕ ಅದಾನ. ಹಿಂದ ಬರಾಕತ್ಯಾನ’ ಎಂದು ದತ್ತೂಗೆ ಹೇಳುತ್ತಿದ್ದೆ.

ಕೊನೆಯ ಕೋಟೆಗೆ ಬಂದಾಗ ಮೂರೇ ಜನ. ಬಾಗಿಲಲ್ಲೇ ಸತ್ತೆವು. ಮತ್ತೆ ಹೋದೆವು, ಮತ್ತೆ ಸತ್ತೆವು. ದತ್ತು ತಲೆ ಚಚ್ಚಿಕೊಂಡ. ‘ಆಕಿನ್ನ ತಗೋಳಲೇ ಮಲ್ಯಾ! ನಾಕು ಮಂದಿ ಆಗ್ತೀವಿ.’

‘ಆಕಿನ್ನ ತಗೊಂಡ್ರ ಅವ ಬಂದಾಗ ಎಲ್ಲಿ ನಿಂದರ್ತಾನ?’

‘ನಿನ್ನ ತಲಿ ಮ್ಯಾಲ ನಿಂದರ್ತಾನ!’

ಹೀಗೇ ಮಳೆಗಾಲ ಹೋಗಿ ದಸರೆ ಬಂತು. ಬೆಳಗಾವಿಯಿಂದ ನಮ್ಮ ಅತ್ತಿಯ ಮಗ ಪ್ರವೀಣ ರಜೆಗೆ ಬಂದ. ಇಂಗ್ಲಿಷ್ ಮೀಡಿಯಮ್ ಹುಡುಗ, ನನ್ನದೇ ವಯಸ್ಸು. ಹಬ್ಬಕ್ಕೆ ನನ್ನ ಅಂಗಡಿಗೂ ರಜೆಯಿದ್ದ ಒಂದು ದಿನ, ನಾವು ಆಡುವುದನ್ನು ಸ್ವಲ್ಪ ಹೊತ್ತು ನೋಡಿ, ‘ಖಾಲಿ ಜಾಗ ಯಾಕ ಬಿಟ್ಟೀಯೋ?’ ಎಂದ. ಹೇಳಿದೆ. ಅವನು ನನ್ನ ಕೈಯಿಂದ ಗುಂಡಿಗಳ ರಿಮೋಟು ಕಸಿದು ಏನೋ ಒತ್ತಿದ. ನಾಲ್ವರ ಚಿತ್ರ ಬಂತು. ಪೈಲ್ವಾನನ ಚಿತ್ರಕ್ಕೆ ಬಣ್ಣವಿರಲಿಲ್ಲ, ಬೂದಿಯಂತಿತ್ತು, ಕೆಳಗೆ ಎರಡು ಸಾಲು ಬರೆದಿತ್ತು.

‘ಸತ್ತಾನಲೇ ಅವ,’ ಪ್ರವೀಣ ಅಂದ. ‘ಪೂಲ್ ಮ್ಯಾಲ ಸತ್ತಾನ. ಇಲ್ಲೇ ಬರದೈತಿ.’

‘ಸುಳ್ಳ. ಈಜಿ ಹೋಗ್ಯಾನ. ಮಾಮಾ ಓದ್ಯಾರ.’

‘ಹಂಗಾರ ನಿನ್ನ ಮಾಮಾಗ ಓದಾಕ ಬರೂದಿಲ್ಲ.’

ನಾನು ಅವನ ಕೊರಳಪಟ್ಟಿ ಹಿಡಿದೆ. ದತ್ತು ನಡುವೆ ಬಿದ್ದ. ವಡಾಪಾವಿನವನೂ ಇಣುಕಿದ. ಮಾಮಾ ಬಂದು ಇಬ್ಬರ ರಟ್ಟೆಯನ್ನೂ ಹಿಡಿದು ಬಿಡಿಸಿದರು. ಹಾಗೇ ನನ್ನ ರಟ್ಟೆ ಬಿಡದೆ ನಿಂತರು.

‘ಪೋರ ಹೇಳೂದು ಖರೇ ಐತಿ ಮಲ್ಲೂ. ನನಗ ಓದಾಕ ಬರ್ತೈತಿ. ಅವತ್ತ ಹೇಳಾಕ ಬರಲಿಲ್ಲ. ನಿನ್ನ ಕಾಕಾಗ ಮಣ್ಣ ಹಾಕಿಬಂದ ಕೈ ಇವು. ಮತ್ತ ಇದನ್ನೂ ನಿನಗ ಹ್ಯಾಂಗ ಹೇಳ್ಲಿ?’

ದತ್ತುವಿಗೆ ಸಿಟ್ಟು ಬಂತು. ‘ಆ ಕಂಪನಿಯವರಿಗಿ ತಲಿ ಐತೇನ್ರಿ ಮಾಮಾ? ಸಾಯಿಸೂದಿದ್ರ ಆ ಒಣಕಲ ಮಂತ್ರದಾವನ್ನ ಸಾಯಿಸಬೇಕಿತ್ತು. ಅವ ಯಾತಕ್ಕೂ ಬರೂದಿಲ್ಲ. ಅಡಗಿ ಮಾಡಾವನ್ನ ಯಾರರ ಸಾಯಿಸ್ತಾರೇನು?’

‘ಆ ಮಂತ್ರದಾವ ಸತ್ರ ನೀ ಅಳ್ತಿದ್ದಿ ಏನು?’ ಪ್ರವೀಣ ಕೇಳಿದ. ‘ಅಳಾಕಂತನ ಸಾಯಿಸೂದು. ಅದಕ್ಕ ಕಥಿ ಅಂತಾರ.’

‘ನಮ್ಮನ್ನ ಅಳಸಾಕ ರೊಕ್ಕ ಕೊಟ್ಟ ಆಡಬೇಕೇನು?’

ಫೌಜಿ ಮಾಮಾ ಸ್ಟೂಲಿನ ಮೇಲೆ ಕೂತರು. ‘ನೋಡ್ರಿ, ಅಳಸಾಕಂತ ಕೊಂದ್ರ ಅದು ನಾಟಕ. ನಾ ಕಂಪನಿಯವರನ್ನ ಕಂಡಿಲ್ಲ. ಆದ್ರ ಪೂಲ್ ಹರಿದಾಗ ಯಾರರ ಒಬ್ಬ ಹಿಡಕೊಂಡು ನಿಂದರಬೇಕಾಗ್ತೈತಿ. ನಿಂದರಾಂವ ಯಾವಾಗ್ಲೂ ಒಳ್ಳೆಯಾವನ ಇರ್ತಾನ. ಕೆಟ್ಟಾವ ಮೊದಲ ಓಡಿರ್ತಾನ.’

ನಾನು, ‘ಆ ಪೂಲಿನ ಜಾಗಾ ಮತ್ತ ಹಚ್ಚರಿ. ಖರೇ ಏನೈತೋ ಓದ್ರಿ’ ಎಂದೆ.

ಹಚ್ಚಿದರು. ಪೈಲ್ವಾನ ಹಗ್ಗ ಹಿಡಿದು ನಿಂತ. ತುಟಿ ಅಲುಗಿತು. ಮಾಮಾ ಈ ಸಲ ಒಂದೊಂದೇ ಮಾತು ಓದಿದರು: ‘ನನ್ನ ಗಂಟಿ ಕೇಳೂತನಾ ಓಡ್ರಿ. ಕೇಳೂದು ನಿಂತ ಮ್ಯಾಲೂ ಓಡ್ರಿ.’

ಆಮೇಲೆ ಟೀವಿ ಕಪ್ಪಾಗಿ ಮತ್ತೆ ಬೆಳಕಾದಾಗ, ಮೊದಲ ಸಲ ನಾನು ಲಕ್ಷ್ಯ ಕೊಡದಿದ್ದ ಒಂದು ಚಿತ್ರ ಬಂತು. ಆ ಸಣ್ಣ ಹುಡುಗಿ ಹೊಳೆಯ ದಂಡೆಯಲ್ಲಿ ಏನೋ ಹೆಕ್ಕಿ ತನ್ನ ಕೋಲಿಗೆ ಕಟ್ಟಿಕೊಳ್ಳುತ್ತಾಳೆ. ಅದು ಅವನ ಗಂಟೆ. ಇಷ್ಟು ದಿನ ನಡೆಯುವಾಗ ಕೇಳುತ್ತಿದ್ದ ಠಣ್ ಠಣ್ ಅದು. ಅವನು ಹಿಂದೆ ಬರುತ್ತಿರಲಿಲ್ಲ. ಅವಳು ಅವನ ನೆನಪು ಹಿಡಿದು ನಡೆಯುತ್ತಿದ್ದಳು. ಪೂಲಿನಿಂದ ಕೋಟೆಯ ತನಕ ಕಥೆಯಲ್ಲಿ ಎಲ್ಲರೂ ಅವನಿಗಾಗಿ ಅಳುತ್ತ ಬಂದಿದ್ದರು. ನಾನೊಬ್ಬನೇ ಕೊಡಲಿ ಕೂಡಿಡುತ್ತ ಕೂತಿದ್ದೆ.

ಎದ್ದು ಮನೆಗೆ ಹೋದೆ. ಹೊರಗೆ ಇನ್ನೂ ಬಿಸಿಲಿತ್ತು. ಆಯಿ ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಕೂತಿದ್ದಳು. ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯದು ಬಾಕಿ. ಆ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ಅವಳ ಪದ್ಧತಿ, ಕೌದಿ ಹಸಿದು ಇರಬಾರದು ಎಂದು. ಸೂಜಿಗೆ ದಾರ ಪೋಣಿಸಲು ನನಗೆ ಚಾಚಿ ಕೇಳಿದಳು: ‘ಇವತ್ತರ ಸುದ್ದಿ ಬಂತೇನೋ?’

‘ಬಂದೈತಿ ಆಯಿ.’

ಸೂಜಿಯನ್ನು ಅವಳ ಕೈಯಿಂದ ತೆಗೆದು ಕೌದಿಗೆ ಚುಚ್ಚಿಟ್ಟೆ.

‘ಕಾಕಾ ಆಸಾಮಿಗಿ ಹೋಗಿಲ್ಲ. ನೀ ದವಾಖಾನ್ಯಾಗ ಇದ್ದಾಗ ಲಾರಿ ಬಿತ್ತು. ಕಾಕಾ ಹೋಗಿಬಿಟ್ಟ.’

ಆಯಿ ಎದೆ ಹಿಡಿದುಕೊಳ್ಳುತ್ತಾಳೆ, ಬೀಳುತ್ತಾಳೆ ಎಂದು ನಾನು ಹೆದರಿ ಅವಳ ಬೆನ್ನ ಹಿಂದೆ ಕೈ ಇಟ್ಟೆ. ಅವಳು ಬೀಳಲಿಲ್ಲ. ಬಹಳ ಹೊತ್ತು ಕೌದಿಯ ಮೇಲಿನ ಹೊಲಿಗೆಗಳನ್ನು ಬೆರಳಿಂದ ಸವರಿದಳು. ಆಮೇಲೆ ಸಂತೆಯಲ್ಲಿ ಕಾಳು ಕೇಳುವವರ ದನಿಯಲ್ಲಿ ಕೇಳಿದಳು:

‘ಕುಂದರಿಸಿದ್ರೋ, ಮಲಗಿಸಿದ್ರೋ?’

‘ಕುಂದರಿಸಿದ್ರು ಆಯಿ.’

‘ಲಿಂಗ?’

‘ಎಡಗೈಯಾಗ ಇಟ್ಟಿದ್ರು.’

‘ವಿಭೂತಿ?’

‘ಮೈತುಂಬ ಹಚ್ಚಿದ್ರು. ಪತ್ರಿ ನಾ ತಂದಿದ್ನಿ.’

‘ಜಾಗಾ ಯಾವುದು?’

‘ನಮ್ಮ ಹೊಲದಾಗ. ಅಜ್ಜನ ಬಾಜೂಕ.’

‘ಅವರಪ್ಪನ ಬಾಜೂಕ,’ ಎಂದಳು. ತಲೆ ಆಡಿಸಿದಳು. ‘ಬೇಸಿ ಆತು.’ ಅಷ್ಟಾದ ಮೇಲೆ ಅವಳು ಅತ್ತಳು. ನಮ್ಮ ಕಡೆಯ ಹೆಣ್ಣುಮಕ್ಕಳು ಸತ್ತವರನ್ನು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ಶಿವು ಹುಟ್ಟಿದ ದಿನ ಹೊಲದಲ್ಲಿ ಯಾವ ಬೆಳೆ ಇತ್ತು, ಮೊದಲ ಹಲ್ಲು ಯಾವ ಕಡೆ ಬಂತು, ಎತ್ತಿನ ಗಾಡಿಯಿಂದ ಬಿದ್ದು ಹಣೆ ಒಡೆದುಕೊಂಡಾಗ ಏನೆಂದ, ಮೊದಲ ಪಗಾರದಲ್ಲಿ ತಂದ ಸೀರೆಯ ದಡಿ ಯಾವ ಬಣ್ಣ, ಎಲ್ಲ ಬಂತು. ಓಣಿಯ ಹೆಂಗಸರು ಬಂದು ಕೂತರು. ಅವ್ವ ಓಡಿಬಂದು ಅವಳ ಮಡಿಲಿಗೆ ಬಿದ್ದಳು.

ಅಪ್ಪ ಕೆಲಸದಿಂದ ಬಂದವನು ಬಾಗಿಲಲ್ಲೇ ತಿಳಿದುಕೊಂಡ. ನನ್ನ ಮೇಲೆ ಕೈಯೆತ್ತಿದ. ‘ಮುದುಕಿನ್ನ ಕೊಲ್ಲಬೇಕಂತ ಮಾಡೀಯೇನೋ?’

‘ಕೈ ಇಳಸು,’ ಆಯಿ ಅಂದಳು. ‘ನನ್ನ ಮಗ ಸತ್ತದ್ದು ನನಗ ಬಿಟ್ಟು ಊರಿಗೆಲ್ಲ ಗೊತ್ತೈತಿ. ಇಲ್ಲದಾವನ ಸಲುವಾಗಿ ಚಟ್ನಿ ಕುಟ್ಟಕೋತ ಕುಂತಿದ್ನಿ. ಅಳೂದೂ ನನಗ ಬಿಡಲಿಲ್ಲಲ್ಲೋ ನೀವು.’

ಅಪ್ಪನ ಕೈ ಇಳಿಯಿತು. ಅವನು ಹೊಸ್ತಿಲ ಮೇಲೆ ಕೂತು ಮುಖ ಮುಚ್ಚಿಕೊಂಡ. ಆಯಿ ಮನೆಗೆ ಬಂದ ದಿನದಿಂದ, ಅವಳಿಗೆ ತಿಳಿದೀತೆಂದು, ತಮ್ಮನಿಗಾಗಿ ಅವನೂ ಮನೆಯಲ್ಲಿ ಅತ್ತಿರಲಿಲ್ಲ.

ಮರುದಿನ ಆಯಿಯನ್ನು ನಂದಗಡಕ್ಕೆ ಕರೆದೊಯ್ದೆವು. ಮಾಡಿನ ಚಟ್ನಿ ಡಬ್ಬಿಗಳನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡಿದ್ದಳು. ಸಮಾಧಿಗೆ ಹಾಲು ಎರೆದಳು. ಚಟ್ನಿಯನ್ನು ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಣ್ಣಾಳುಗಳ ರೊಟ್ಟಿಗೆ ಹಂಚಿದಳು. ಖಾನಾಪುರಕ್ಕೆ ಮರಳಿ ಬಂದು ಕೌದಿಯ ನಾಲ್ಕನೇ ಮೂಲೆಗೆ ರೊಟ್ಟಿಯ ಚೂರಿಟ್ಟು ಹೊಲಿದು ಮುಗಿಸಿದಳು. ನನ್ನ ಹೆಗಲಿಗೆ ಹಾಕಿದಳು. ‘ನೀ ಹೊಚ್ಚಿಕೋ. ನಸಕಿನ್ಯಾಗ ದುಡ್ಯಾಕ ಹೋಗಾವ ನೀನ.’

ಆ ವಾರ ನಾನೂ ದತ್ತುವೂ ಬಿಲ್ಲಿನ ಹೆಣ್ಣಾಳನ್ನು ನಾಲ್ಕನೇ ಜಾಗಕ್ಕೆ ತಗೊಂಡೆವು. ಪೈಲ್ವಾನನ ಪಾಲಿನ ಕೊಡಲಿಯನ್ನು ಒಣಕಲ ಮಂತ್ರದವನಿಗೆ ಕೊಟ್ಟೆವು. ಅವನು ಅದನ್ನು ಹಿಡಿಯಲಾರದೆ ಹಿಡಿದ. ಕೋಟೆ ಬಿತ್ತು. ಕೊನೆಗೆ ಆ ಹುಡುಗಿ ಹೊಸ ಪೂಲು ಕಟ್ಟಿಸಿ ಅದರ ನಡುವೆ ಗಂಟೆ ತೂಗುಬಿಟ್ಟಳು. ದಾಟುವವರೆಲ್ಲ ಅದನ್ನು ಬಾರಿಸಿ ದಾಟುತ್ತಿದ್ದರು. ಮಾಮಾ ಏನೂ ಓದಲಿಲ್ಲ. ಓದುವಂಥದ್ದೇನೂ ಅಲ್ಲಿ ಬರೆದಿರಲಿಲ್ಲ. ದತ್ತು ಮೂಗು ಒರೆಸಿಕೊಂಡು, ‘ಏನ ಅನ್ರಿ, ಸಾಯಿಸಬಾರದಿತ್ತು’ ಎಂದ.

ದತ್ತು ಈಗ ಬಸ್ ಕಂಡಕ್ಟರು. ಸಿಕ್ಕಾಗಲೆಲ್ಲ ಇವತ್ತಿಗೂ ಅದನ್ನೇ ಅನ್ನುತ್ತಾನೆ. ನನ್ನ ಮಾತು ಬೇರೆ. ಸುಮ್ಮನೆ ಬೆಚ್ಚಿಬೀಳಿಸಲು ಕೊಂದಿದ್ದರೆ ನಾನೂ ಬೈಯುತ್ತಿದ್ದೆ. ಆದರೆ ಅವರು ಕೊಂದು ಮರೆಯಲಿಲ್ಲ, ಅವನ ಗಂಟೆಯನ್ನು ಕೊನೆಯ ತನಕ ಹೊತ್ತು ತಂದರು. ಪೈಲ್ವಾನ ಬದುಕಿ ಬಂದಿದ್ದರೆ ನಾನು ಖುಷಿಯಿಂದ ಮನೆಗೆ ಹೋಗಿ ‘ನಾಳಿಗಿ ಬರ್ತೈತಿ ಆಯಿ’ ಎನ್ನುತ್ತಿದ್ದೆ. ಆಯಿ ಇನ್ನೊಂದು ಕೌದಿ ಹಿಡಿಯುತ್ತಿದ್ದಳು.

ನನ್ನ ಮಗ ಓಂಕಾರ ನನ್ನ ಫೋನಿನಲ್ಲಿ ಆಡುತ್ತಾನೆ. ಮೊನ್ನೆ ಅವನ ಆಳು ಸತ್ತ. ನಾನು ಗಾಬರಿಯಾಗಿ ಬಗ್ಗಿ ನೋಡಿದೆ. ಅವನು ತಣ್ಣಗೆ, ‘ಏನೂ ಆಗೂದಿಲ್ಲಪ್ಪಾ, ಒಂದು ಜಾಹೀರಾತು ನೋಡಿದ್ರ ಎದ್ದ ಬರ್ತಾನ’ ಎಂದ. ಸಾಬೂನಿನ ಜಾಹೀರಾತು ಮುಗಿಯಿತು, ಸತ್ತವ ಎದ್ದ. ಮಗನನ್ನು ಬೈಯಲಿಲ್ಲ. ಅವನ ತಪ್ಪಲ್ಲ. ಆದರೆ ಓದಿ ಹೇಳುವ ಮಾಮಾ ಅವನಿಗಿಲ್ಲ, ಕೊರಳಪಟ್ಟಿ ಹಿಡಿಯಲು ಬಾಜೂಕೆ ಒಬ್ಬ ಪ್ರವೀಣನಿಲ್ಲ. ಆಡಿ ಮುಗಿಸಿದ ಮೇಲೆ ಆ ಆಳಿನ ಹೆಸರೂ ಅವನಿಗೆ ನೆನಪಿರುವುದಿಲ್ಲ. ಮಾಮಾನ ದುಕಾನಿನ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಮಾಮಾ ಹೋದಾಗ ನಾನೂ ದತ್ತುವೂ ಹೆಗಲು ಕೊಟ್ಟೆವು. ಆಯಿಯನ್ನು ನಂದಗಡದ ಹೊಲದಲ್ಲಿ, ಗಂಡ ಮತ್ತು ಮಗನ ಸಾಲಿನಲ್ಲಿ, ಕುಂದರಿಸಿದ್ದೇವೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ರವಿವಾರ ಪೇಟೆಯಿಂದ ಖಾನಾಪುರ, ನಂದಗಡಕ್ಕೆ ಮಾಲು ಸಾಗಿಸುವ ಟೆಂಪೊ ಎರಡು. ಸ್ವಂತ ಮನೆ ಒಂದು. ಅಪ್ಪ, ಅವ್ವ, ಹೆಂಡತಿ, ಒಬ್ಬ ಮಗ. ವಾದ ಬಿಡದ ಗೆಳೆಯ ಒಬ್ಬ. ಹೊಲದಲ್ಲಿ ಸಮಾಧಿ ಮೂರು. ಕೌದಿ ಒಂದು, ಅದರ ನಾಲ್ಕನೇ ಮೂಲೆಯಲ್ಲಿ ರೊಟ್ಟಿಯ ಚೂರು ಒಂದು.